ಇಎಂಎಂಸಿ ಇರುವ ಸಣ್ಣ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್ ಅಳವಡಿಸುವ ಕ್ರಮ

2 ಜಿಬಿ ರ‍್ಯಾಮ್, 32 ಜಿಬಿಯ ಇಎಂಎಂಸಿ ಸಂಗ್ರಹ, ಇಂಟೆಲ್ ಆಟಮ್ ಜಾತಿಯ ಪ್ರೊಸೆಸರ್ ಇರುವ ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳು ವಿಂಡೋಸ್ 10ರ ಕಾಲದಲ್ಲಿ ಸಾಕಷ್ಟು ಮಾರಾಟವಾದವು. ವಿಂಡೋಸಿನ ದೊಡ್ಡ ಅಪ್‌ಡೇಟುಗಳಿಗೆ ಅವುಗಳಲ್ಲಿ ಜಾಗ ಸಾಲದೆ ಹೋಯಿತು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಹಾಗೆಂದು ಅವನ್ನು ಗುಜರಿಗೆ ಹಾಕಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಊರುಗಳ ಗ್ರಂಥಾಲಯದಲ್ಲಿ ಪತ್ರಿಕೆ ಓದುವುದಕ್ಕೆ, ಕೇರಳ ಪಿಎಸ್‌ಸಿಯ ಅರ್ಜಿ ತುಂಬುವುದಕ್ಕೆ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಪತ್ರ ಬರೆದು ಮುದ್ರಿಸುವುದಕ್ಕೆ ಇಂತಹ ಯಂತ್ರ ಇಂದಿಗೂ ಸಾಕು. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಉಬುಂಟು ಆಧಾರಿತ ಲಿನಕ್ಸನ್ನೇ ಬಳಸಿ ಕಲಿಯುತ್ತಿರುವುದರಿಂದ ಲಿನಕ್ಸ್ ಎಂಬ ಹೆಸರು ಇಲ್ಲಿ ಯಾರನ್ನೂ ಹೆದರಿಸುವುದಿಲ್ಲ. ಆದರೆ ಶಾಲೆಗೆ ಸರಕಾರ ಕೊಟ್ಟ ಲ್ಯಾಪ್‌ಟಾಪಿನ ಮೇಲೆ ಈ ಪ್ರಯೋಗ ಮಾಡಬಾರದು. ಇಲ್ಲಿ ಹೇಳುವುದೆಲ್ಲ ಸ್ವಂತ ಯಂತ್ರಕ್ಕೆ ಅಥವಾ ಸಂಘ, ಗ್ರಂಥಾಲಯಗಳು ತಮ್ಮದೇ ಹಣದಿಂದ ಕೊಂಡ ಯಂತ್ರಕ್ಕೆ ಅನ್ವಯಿಸುತ್ತದೆ.

ನಾನು ಆರಿಸಿಕೊಂಡಿರುವುದು 2025ರ ಆಗಸ್ಟಿನಲ್ಲಿ ಬಿಡುಗಡೆಯಾದ ಡೆಬಿಯನ್ 13 ಎಂಬ ಲಿನಕ್ಸ್ ಮತ್ತು ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರವಾದ ಡೆಸ್ಕ್‌ಟಾಪ್. ಇದಕ್ಕಿಂತ ಹಗುರವಾದ ಲಿನಕ್ಸ್‌ಗಳಿವೆ. ಆದರೆ ಬೇರೆ ಬೇರೆ ಜನರು ಬಳಸುವ ಯಂತ್ರಕ್ಕೆ ಹಲವು ವರ್ಷ ಭದ್ರತಾ ಅಪ್‌ಡೇಟ್ ಬರುವ, ಕನ್ನಡದ ಫಾಂಟುಗಳು ಸಿದ್ಧವಾಗಿ ದೊರಕುವ ವ್ಯವಸ್ಥೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮುಂದೆ ಕಮಾಂಡುಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಇಎಂಎಂಸಿಯ ಸ್ವಭಾವ

ಇಎಂಎಂಸಿ ಎಂದರೆ ನ್ಯಾಂಡ್ ಫ್ಲ್ಯಾಶ್ ಮತ್ತು ಅದನ್ನು ನಡೆಸುವ ಕಂಟ್ರೋಲರ್ ಎರಡೂ ಒಂದೇ ಚಿಪ್ಪಿನೊಳಗೆ ಸೇರಿ, ಮದರ್‌ಬೋರ್ಡಿಗೆ ನೇರವಾಗಿ ಬೆಸುಗೆಯಾಗಿರುವ ಸಂಗ್ರಹ. ಹಾರ್ಡ್ ಡಿಸ್ಕನ್ನೋ ಎಸ್‌ಎಸ್‌ಡಿಯನ್ನೋ ತೆಗೆದು ಬೇರೊಂದನ್ನು ಹಾಕುವಂತೆ ಇದನ್ನು ಬದಲಿಸಲು ಆಗುವುದಿಲ್ಲ. ಫ್ಲ್ಯಾಶಿನ ಒಂದೊಂದು ಕೋಶವನ್ನೂ ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಬಹುದು. ಬರೆಯುವಿಕೆ ಸಣ್ಣ ಪುಟಗಳ ಲೆಕ್ಕದಲ್ಲಿ ನಡೆದರೂ ಅಳಿಸುವಿಕೆ ದೊಡ್ಡ ಬ್ಲಾಕುಗಳ ಲೆಕ್ಕದಲ್ಲಿಯೇ ನಡೆಯಬೇಕಾಗಿರುವುದರಿಂದ, ನಾವು ನಾಲ್ಕು ಸಾಲು ಬರೆದಾಗ ಒಳಗಿನ ಕಂಟ್ರೋಲರ್ ಅದಕ್ಕಿಂತ ಬಹಳ ಹೆಚ್ಚು ದತ್ತಾಂಶವನ್ನು ಅತ್ತಿತ್ತ ಸರಿಸಬೇಕಾಗಿ ಬರುತ್ತದೆ. ಸಂಗ್ರಹ ತುಂಬಿದಷ್ಟೂ ಈ ಸರಿಸಾಟ ಹೆಚ್ಚುತ್ತದೆ, ಯಂತ್ರ ನಿಧಾನವಾಗುತ್ತದೆ. ಆದ್ದರಿಂದ ಇಎಂಎಂಸಿಯಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು: ಬರೆಯುವ ಮೊದಲು ಎಲ್ಲಿಗೆ ಬರೆಯುತ್ತಿದ್ದೇವೆ ಎಂಬುದು ಖಚಿತವಾಗಿರಬೇಕು, ಅಳವಡಿಸಿದ ಮೇಲೆ ಅನಗತ್ಯ ಬರೆಯುವಿಕೆ ಕಡಿಮೆಯಾಗಬೇಕು. ನಡುವಿನ ಅಳವಡಿಕೆಯ ಕೆಲಸ ಅಷ್ಟೇನೂ ಕಷ್ಟದ್ದಲ್ಲ.

ವೈಫೈ ರೌಟರುಗಳೊಳಗಿನ ಬರಿಯ ನ್ಯಾಂಡ್ ಚಿಪ್ಪುಗಳ ಸಂಗತಿ ಬೇರೆ. ಅವುಗಳಿಗೆ ಯುಬಿಐಎಫ್‌ಎಸ್‌ನಂತಹ ವಿಶೇಷ ಫೈಲ್ ಸಿಸ್ಟಮ್, ಅಂದರೆ ಕಡತಗಳನ್ನು ಜೋಡಿಸಿಡುವ ಕ್ರಮ, ಬೇಕು. ಇಎಂಎಂಸಿಯೊಳಗಿನ ಕಂಟ್ರೋಲರ್ ಸವೆತವನ್ನು ಹಂಚುವ ಕೆಲಸವನ್ನು ತಾನೇ ಮಾಡುವುದರಿಂದ ಇಲ್ಲಿ ಸಾಮಾನ್ಯವಾದ ಎಕ್ಸ್ಟ್4 ಸಾಕು. ಫ್ಲ್ಯಾಶಿಗಾಗಿಯೇ ಸ್ಯಾಮ್‌ಸಂಗ್‌ನಲ್ಲಿ ರೂಪಿಸಿದ, 2013ರಲ್ಲಿ ಲಿನಕ್ಸ್ 3.8ರೊಂದಿಗೆ ಬಂದ ಎಫ್2ಎಫ್‌ಎಸ್ ಕೂಡ ಚೆನ್ನಾಗಿದೆ. ಆದರೂ ಏನಾದರೂ ಕೆಟ್ಟಾಗ ರಿಪೇರಿಯ ಸಾಧನಗಳು ಎಲ್ಲ ಕಡೆ ಸಿಗುವುದು ಎಕ್ಸ್ಟ್4ಕ್ಕೇ ಆದ್ದರಿಂದ ಅದನ್ನೇ ಶಿಫಾರಸು ಮಾಡುತ್ತೇನೆ.

ಬೇಕಾದ ಸಾಮಗ್ರಿ

8 ಜಿಬಿ ಅಥವಾ ಹೆಚ್ಚಿನ ಎರಡು ಪೆನ್ ಡ್ರೈವ್‌ಗಳು ಮತ್ತು ಹಳೆಯ ವ್ಯವಸ್ಥೆಯ ಪ್ರತಿ ಇಡಲು ಒಂದು ಹೊರ ಹಾರ್ಡ್ ಡಿಸ್ಕ್ ಬೇಕು. ಒಂದು ಪೆನ್ ಡ್ರೈವ್‌ನಲ್ಲಿ ಯಾವುದಾದರೂ ಲೈವ್ ಲಿನಕ್ಸ್ ಇರಲಿ, ಅಂದರೆ ಏನನ್ನೂ ಅಳವಡಿಸದೆ ಪೆನ್ ಡ್ರೈವ್‌ನಿಂದಲೇ ನಡೆಯುವಂಥದ್ದು. ಪರೀಕ್ಷೆಗೂ ಪ್ರತಿ ತೆಗೆಯುವುದಕ್ಕೂ ಅದು ಬೇಕು. ಇನ್ನೊಂದರಲ್ಲಿ ಡೆಬಿಯನ್ನಿನ ಎಎಂಡಿ64 (ಇಂಟೆಲ್ ಸಹಿತ 64 ಬಿಟ್ ಪ್ರೊಸೆಸರುಗಳದ್ದು) ಇನ್‌ಸ್ಟಾಲರ್ ಇರಲಿ. ಇದು ಎರಡು ರೂಪದಲ್ಲಿ ಸಿಗುತ್ತದೆ. ನೆಟ್‌ಇನ್‌ಸ್ಟ್ ಎಂಬುದು 1 ಜಿಬಿಗಿಂತ ಚಿಕ್ಕದು, ಆದರೆ ಉಳಿದದ್ದನ್ನೆಲ್ಲ ಅಳವಡಿಕೆಯ ವೇಳೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ಡಿವಿಡಿ-1 ಎಂಬುದು ದೊಡ್ಡದು, ಆದರೆ ಡೆಸ್ಕ್‌ಟಾಪ್ ಸಹಿತ ಬಹುಪಾಲು ಸಾಮಗ್ರಿ ಅದರೊಳಗೇ ಇರುತ್ತದೆ. ಎಣ್ಮಕಜೆ, ಬೆಳ್ಳೂರು ಕಡೆಯ ಗುಡ್ಡಗಳ ಮರೆಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುವಲ್ಲಿ ನೆಟ್‌ಇನ್‌ಸ್ಟನ್ನು ನಂಬಿ ಕುಳಿತರೆ ಕೆಲಸ ಅರ್ಧದಲ್ಲಿ ನಿಲ್ಲಬಹುದು. ಅಂತಹ ಊರಿನವರು ಪೇಟೆಯಲ್ಲಿ ಒಳ್ಳೆಯ ಸಂಪರ್ಕ ಇರುವ ಕಡೆ ಡಿವಿಡಿ-1ನ್ನು ಇಳಿಸಿ ತರುವುದೇ ಜಾಣತನ.

ಇಳಿಸಿದ ಕಡತ ಸರಿಯಿದೆಯೇ ಎಂದು ‘ಎಸ್‌ಎಚ್‌ಎ512ಸಮ್’ ಕಮಾಂಡಿನಿಂದ ನೋಡಿ, ಡೆಬಿಯನ್ ತಾಣದಲ್ಲಿ ಕೊಟ್ಟಿರುವ ಮೌಲ್ಯದೊಂದಿಗೆ ಹೋಲಿಸಬೇಕು. ಆಗಾಗ ಕಡಿದುಹೋಗುವ ಸಂಪರ್ಕದಲ್ಲಿ ಇಳಿಸಿದ ಕಡತಕ್ಕೆ ಈ ಪರೀಕ್ಷೆ ಕಡ್ಡಾಯ ಎಂದೇ ತಿಳಿಯಿರಿ. ಪೆನ್ ಡ್ರೈವ್‌ಗೆ ಬರೆಯಲು ವಿಂಡೋಸಿನಲ್ಲಿ ರೂಫಸ್ ಇದೆ. ಉಬುಂಟುವಿನಲ್ಲಿ ಸ್ಟಾರ್ಟಪ್ ಡಿಸ್ಕ್ ಕ್ರಿಯೇಟರ್ ಇದೆ.

ಯಾವುದು ಇಎಂಎಂಸಿ ಎಂದು ಗುರುತಿಸುವುದು

ಯಂತ್ರ ಆನ್ ಆಗುವಾಗ ಇಎಸ್‌ಸಿ, ಎಫ್7, ಎಫ್12 ಇವುಗಳಲ್ಲಿ ಒಂದನ್ನು ಒತ್ತಿದರೆ ಸಾಮಾನ್ಯವಾಗಿ ಬೂಟ್ ಪಟ್ಟಿ ಬರುತ್ತದೆ. ಬಾರದಿದ್ದರೆ ವಿಂಡೋಸಿನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದಾಗ ಕಾಣುವ ಪಟ್ಟಿಯಿಂದ ಪೆನ್ ಡ್ರೈವ್ ಆರಿಸಬಹುದು. ಲೈವ್ ಲಿನಕ್ಸ್ ತೆರೆದ ಮೇಲೆ ಮೊದಲು ವೈಫೈ, ಧ್ವನಿ, ಟಚ್‌ಪ್ಯಾಡ್ ಕೆಲಸ ಮಾಡುತ್ತವೆಯೇ ನೋಡಿ. ಆಮೇಲೆ ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಕೊಡಿ.

ಇಲ್ಲಿ ಆತುರ ಬೇಡ. ಪೆನ್ ಡ್ರೈವ್ ಮತ್ತು ಹೊರ ಹಾರ್ಡ್ ಡಿಸ್ಕುಗಳು ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರಿನಲ್ಲಿ ಕಾಣುತ್ತವೆ. ಇಎಂಎಂಸಿ ಎಂಎಂಸಿಬಿಎಲ್‌ಕೆ0 ಎಂದೋ ಎಂಎಂಸಿಬಿಎಲ್‌ಕೆ1 ಎಂದೋ ಕಾಣುತ್ತದೆ. ತೊಡಕೆಂದರೆ ಪಕ್ಕದ ಕಿಂಡಿಯಲ್ಲಿರುವ ಎಸ್‌ಡಿ ಕಾರ್ಡಿಗೂ ಇದೇ ಜಾತಿಯ ಹೆಸರು ಬರುತ್ತದೆ, ಮತ್ತು ಯಾವುದಕ್ಕೆ 0, ಯಾವುದಕ್ಕೆ 1 ಎಂಬುದು ಎಲ್ಲ ಯಂತ್ರಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಆದುದರಿಂದ ಸಂಖ್ಯೆಯನ್ನು ನೆಚ್ಚದೆ ಗುರುತುಗಳನ್ನು ನೋಡಬೇಕು. ಹೆಸರಿನ ಕೊನೆಗೆ ಬೂಟ್0 ಮತ್ತು ಬೂಟ್1 ಎಂದು ಸೇರಿಕೊಂಡ ಎರಡು ಚಿಕ್ಕ ಸಾಧನಗಳು ಜೊತೆಯಲ್ಲಿ ಕಂಡರೆ ಅದು ಇಎಂಎಂಸಿ; ಎಸ್‌ಡಿ ಕಾರ್ಡಿಗೆ ಅವು ಇರುವುದಿಲ್ಲ. ಇನ್ನೂ ಖಚಿತ ಬೇಕಾದರೆ ಸಿಸ್ ಫೋಲ್ಡರಿನ ಬ್ಲಾಕ್ ಎಂಬುದರೊಳಗೆ ಆ ಸಾಧನದ ಹೆಸರಿನಡಿ ಡಿವೈಸ್ ಎಂಬಲ್ಲಿರುವ ಟೈಪ್ ಕಡತವನ್ನು ‘ಕ್ಯಾಟ್’ನಿಂದ ಓದಿದರೆ, ಇಎಂಎಂಸಿಗೆ ಎಂಎಂಸಿ ಎಂದೂ ಕಾರ್ಡಿಗೆ ಎಸ್‌ಡಿ ಎಂದೂ ಉತ್ತರ ಬರುತ್ತದೆ. ಇಷ್ಟರ ಮೇಲೂ ಅಳವಡಿಸುವಾಗ ಎಸ್‌ಡಿ ಕಾರ್ಡನ್ನು ಹೊರಗೆ ತೆಗೆದಿಡುವುದು ಒಳ್ಳೆಯದು. ಆ ಬೂಟ್0, ಬೂಟ್1 ಮತ್ತು ಆರ್‌ಪಿಎಂಬಿ ಎಂಬ ಭಾಗಗಳನ್ನು ನಾವು ಮುಟ್ಟುವ ಅಗತ್ಯವೇ ಇಲ್ಲ. ಹೆಸರು ನೋಡಿ, ಲಿನಕ್ಸನ್ನು ಆರಂಭಿಸುವ ಬೂಟ್‌ಲೋಡರನ್ನು ಅಲ್ಲಿ ಹಾಕಬೇಕೇನೋ ಎಂದು ಅನಿಸಬಹುದು. ಲ್ಯಾಪ್‌ಟಾಪಿನ ಯುಇಎಫ್ಐ (ಯಂತ್ರ ಆನ್ ಆದಾಗ ಮೊದಲು ನಡೆಯುವ ಫರ್ಮ್‌ವೇರ್) ಅಲ್ಲಿಂದ ಬೂಟ್ ಆಗುವುದಿಲ್ಲ.

ಅದೇ ಡಿವೈಸ್ ಫೋಲ್ಡರಿನಲ್ಲಿ ಲೈಫ್_ಟೈಮ್ ಎಂಬ ಇನ್ನೊಂದು ಕಡತವಿದೆ. ಇಎಂಎಂಸಿ 5.0 ಅಥವಾ ಅನಂತರದ ಚಿಪ್ಪಾಗಿದ್ದರೆ ಅದರಲ್ಲಿ ಎರಡು ಸಂಖ್ಯೆಗಳು ಸಿಗುತ್ತವೆ. 0ಎಕ್ಸ್01 ಎಂದರೆ ಆಯುಸ್ಸಿನ ಶೇಕಡಾ 10ರೊಳಗೆ ಮಾತ್ರ ಬಳಕೆಯಾಗಿದೆ, 0ಎಕ್ಸ್02 ಎಂದರೆ 10ರಿಂದ 20ರವರೆಗೆ, ಹೀಗೆ ಏರುತ್ತಾ 0ಎಕ್ಸ್0ಎ ಬಂದರೆ ಶೇಕಡಾ 90 ದಾಟಿದೆ, 0ಎಕ್ಸ್0ಬಿ ಬಂದರೆ ತಯಾರಕರು ಅಂದಾಜಿಸಿದ ಆಯುಸ್ಸು ಮುಗಿದಿದೆ ಎಂದು ಅರ್ಥ. ಹಳೆಯ ಯಂತ್ರವನ್ನು ಯಾರಿಂದಲಾದರೂ ಕೊಳ್ಳುವುದಿದ್ದರೆ ಹಣ ಕೊಡುವ ಮೊದಲೇ ಇದನ್ನು ನೋಡಿಕೊಳ್ಳಿ. ಈಗ ಕಂಡ ಸಂಖ್ಯೆಯನ್ನು ಬರೆದಿಡಿ, ಮುಂದೆ ಹೋಲಿಸಲು ಬೇಕಾಗುತ್ತದೆ.

ಕೊನೆಯದಾಗಿ ಸಿಸ್ ಫೋಲ್ಡರಿನ ಫರ್ಮ್‌ವೇರ್, ಅದರೊಳಗಿನ ಇಎಫ್ಐ, ಅದರೊಳಗಿನ ಎಫ್‌ಡಬ್ಲ್ಯು_ಪ್ಲಾಟ್‌ಫಾರ್ಮ್_ಸೈಜ್ ಎಂಬ ಕಡತವನ್ನು ಓದಿ. 64 ಬಂದರೆ ಚಿಂತೆಯಿಲ್ಲ. ಇಂಟೆಲ್ಲಿನ ಬೇ ಟ್ರೇಲ್ ಎಂಬ ಆಟಮ್ ಚಿಪ್ಪುಗಳ ಕಾಲದ ಅನೇಕ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್ ಆಗಿದ್ದರೂ ಯುಇಎಫ್ಐ ಮಾತ್ರ 32 ಬಿಟ್ ಆಗಿರುತ್ತದೆ, ಅಲ್ಲಿ 32 ಎಂದು ಬರುತ್ತದೆ. ಅನೇಕ ಲಿನಕ್ಸ್‌ಗಳ ಪೆನ್ ಡ್ರೈವ್ ಇವುಗಳಲ್ಲಿ ಬೂಟ್ ಆಗದಿರುವುದಕ್ಕೆ ಇದೇ ಕಾರಣ. ಡೆಬಿಯನ್ 12ರಿಂದ ಎಎಂಡಿ64 ಇನ್‌ಸ್ಟಾಲರಿನೊಳಗೇ ಎರಡೂ ಬಗೆಯ ಬೂಟ್‌ಲೋಡರ್ ಇರುವುದು ನಾನು ಅದನ್ನು ಆರಿಸಲು ಇನ್ನೊಂದು ಕಾರಣ.

ಹಳೆಯದರ ಪ್ರತಿ

ಬೇಕಾದ ಕಡತಗಳನ್ನು ನಕಲಿಸಿಕೊಂಡರೆ ಸಾಕು ಎಂದು ಹಲವರು ಹೇಳುತ್ತಾರೆ. ನನಗೆ ಇಡೀ ಇಎಂಎಂಸಿಯ ಪ್ರತಿಯೇ ಮೇಲು ಎನಿಸುತ್ತದೆ, ಏಕೆಂದರೆ ಇಂತಹ ಯಂತ್ರಗಳ ಧ್ವನಿ, ಟಚ್‌ಸ್ಕ್ರೀನ್ ಡ್ರೈವರುಗಳು ತಯಾರಕರ ತಾಣದಿಂದ ಮಾಯವಾಗಿರುತ್ತವೆ ಮತ್ತು ಮುಂದೆ ವಿಂಡೋಸಿಗೆ ಮರಳಬೇಕಾದರೆ ಬೇರೆ ದಾರಿ ಇರುವುದಿಲ್ಲ. ಹೊರ ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಎಕ್ಸ್ಟ್4 ಆಗಿರಲಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತವನ್ನು ಅದು ಹಿಡಿಯುವುದಿಲ್ಲ. ‘ಡಿಡಿ’ ಕಮಾಂಡಿಗೆ ಇನ್‌ಪುಟ್ಟಾಗಿ ಇಎಂಎಂಸಿಯ ಹೆಸರನ್ನೂ ಬ್ಲಾಕ್ ಗಾತ್ರ 4 ಎಂಬಿ ಎಂದೂ ಕೊಟ್ಟು, ಅದರ ಫಲವನ್ನು ಪೈಪಿನ ಮೂಲಕ ‘ಜಿಜಿಪ್’ಗೆ ಸಾಗಿಸಿ ಹೊರ ಡಿಸ್ಕಿನ ಒಂದು ಕಡತದಲ್ಲಿ ಉಳಿಸಿ. ಇನ್‌ಪುಟ್ ಮತ್ತು ಔಟ್‌ಪುಟ್ ಅದಲುಬದಲಾದರೆ ಎಲ್ಲವೂ ಹೋಗುತ್ತದೆ, ಎಂಟರ್ ಒತ್ತುವ ಮುನ್ನ ಸಾಲನ್ನು ಮತ್ತೊಮ್ಮೆ ಓದಿ. ಮುಗಿದ ಮೇಲೆ ‘ಜಿಜಿಪ್ -ಟಿ’ ಕೊಟ್ಟು ಕಡತ ಸುಸ್ಥಿತಿಯಲ್ಲಿದೆಯೇ ಪರೀಕ್ಷಿಸಿ. ವಿಂಡೋಸ್ ಮೊದಲೇ ಅಳವಡಿಸಿ ಮಾರಿದ ಇಂತಹ ಯಂತ್ರಗಳಲ್ಲಿ ಪರವಾನಗಿ ಕೀ ಸಾಮಾನ್ಯವಾಗಿ ಫರ್ಮ್‌ವೇರಿನಲ್ಲಿಯೇ ಇರುವುದರಿಂದ ಡಿಸ್ಕ್ ಅಳಿಸಿದರೂ ಅದು ಹೋಗುವುದಿಲ್ಲ.

ಅಳವಡಿಕೆ

ಪ್ರತಿ ಸಿದ್ಧವಾದ ಬಳಿಕ ಲೈವ್ ಲಿನಕ್ಸಿನಿಂದಲೇ ‘ಬಿಎಲ್‌ಕೆಡಿಸ್ಕಾರ್ಡ್’ ಕಮಾಂಡನ್ನು ಇಎಂಎಂಸಿಯ ಮೇಲೆ ನಡೆಸಿ. ಇದು ಸೊನ್ನೆಗಳನ್ನು ಬರೆಯುವ ಬದಲು ಎಲ್ಲ ಜಾಗವೂ ಖಾಲಿ ಎಂದು ಕಂಟ್ರೋಲರಿಗೆ ತಿಳಿಸುತ್ತದೆ. ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ, ಸವೆತವೂ ಇಲ್ಲ. ಡಿಡಿಯಿಂದ ಸೊನ್ನೆ ತುಂಬಿಸುವ ಹಳೆಯ ಸಲಹೆಯನ್ನು ಇಲ್ಲಿ ಅನುಸರಿಸಬೇಡಿ.

ಈಗ ಇನ್‌ಸ್ಟಾಲರಿನಿಂದ ಬೂಟ್ ಮಾಡಿ, ಭಾಷೆ, ಸ್ಥಳ, ವೈಫೈ ವಿವರಗಳನ್ನು ಕೊಡುತ್ತಾ ಸಾಗಿ. ರೂಟ್ ಪಾಸ್‌ವರ್ಡನ್ನು ಖಾಲಿ ಬಿಟ್ಟರೆ ಮೊದಲ ಬಳಕೆದಾರರಿಗೆ ಸುಡೊ (ಆಡಳಿತದ ಕಮಾಂಡುಗಳನ್ನು ನಡೆಸುವ) ಅಧಿಕಾರ ಸಿಗುತ್ತದೆ, ಅದೇ ಅನುಕೂಲ. ಪಾರ್ಟಿಷನ್ ಹಂತದಲ್ಲಿ ಮ್ಯಾನ್ಯುಯಲ್ ಆರಿಸಿ, ಇಎಂಎಂಸಿಯ ಮೇಲೆ ಹೊಸ ಜಿಪಿಟಿ ಕೋಷ್ಟಕ ಮಾಡಿ. 32 ಜಿಬಿ ಎಂದು ಪೆಟ್ಟಿಗೆಯ ಮೇಲಿದ್ದರೂ ಅಲ್ಲಿ ಸುಮಾರು 29ರಿಂದ 31ರ ನಡುವಿನ ಸಂಖ್ಯೆ ಕಾಣಬಹುದು. ಮೊದಲಿಗೆ 512 ಎಂಬಿಯ ಇಎಫ್ಐ ಸಿಸ್ಟಮ್ ಪಾರ್ಟಿಷನ್. ಆಮೇಲೆ ಕೊನೆಯ 2 ಜಿಬಿಯಷ್ಟನ್ನು ಬಿಟ್ಟು ಉಳಿದ ಜಾಗಕ್ಕೆಲ್ಲ ಒಂದೇ ರೂಟ್ ಪಾರ್ಟಿಷನ್, ಎಕ್ಸ್ಟ್4, ಮೌಂಟ್ ಆಯ್ಕೆಗಳಲ್ಲಿ ನೋಏಟೈಮ್ (ಕಡತ ಓದಿದ ವೇಳೆಯನ್ನು ಪ್ರತಿ ಸಲ ಬರೆದಿಡದಂತೆ). ಕೊನೆಯ 2 ಜಿಬಿಯನ್ನು ಖಾಲಿ ಬಿಡುವುದು ವ್ಯರ್ಥವೆಂದು ತೋರಬಹುದು, ಆದರೆ ಬ್ಲಾಕುಗಳನ್ನು ಸರಿಸಾಡಲು ಕಂಟ್ರೋಲರಿಗೆ ಅದು ಕೈಯಾಡಿಸುವ ಜಾಗವಾಗುತ್ತದೆ. ಹೋಮ್‌ಗೆ ಬೇರೆ ಪಾರ್ಟಿಷನ್ ಮಾಡಬೇಡಿ. ಇಷ್ಟು ಕಿರಿದಾದ ಜಾಗದಲ್ಲಿ ಒಂದು ತುಂಬಿ ಇನ್ನೊಂದು ಖಾಲಿ ಉಳಿಯುವ ಪಾಡು ಬರುತ್ತದೆ. ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಸ್ವಾಪ್ ಪಾರ್ಟಿಷನ್ನೂ ಬೇಡ. ಸ್ವಾಪ್ ಇಲ್ಲವೆಂದು ಇನ್‌ಸ್ಟಾಲರ್ ಎಚ್ಚರಿಸುತ್ತದೆ, ಹಿಂದೆ ಹೋಗದೆ ಮುಂದುವರಿಯಿರಿ.

ತಂತ್ರಾಂಶಗಳ ಪಟ್ಟಿ ಬಂದಾಗ ಗ್ನೋಮ್‌ನ ಗುರುತನ್ನು ತೆಗೆದು ಎಲ್‌ಎಕ್ಸ್‌ಕ್ಯೂಟಿಗೆ ಗುರುತು ಹಾಕಿ. ಉಳಿದದ್ದು ತಾನಾಗಿ ನಡೆಯುತ್ತದೆ.

ಅಳವಡಿಕೆ ಮುಗಿದು ಮರುಚಾಲನೆಯಾದಾಗ ಬೂಟ್ ಮಾಡುವ ಸಾಧನವಿಲ್ಲ ಎಂಬ ಸಂದೇಶ ಬಂದರೆ ಎಲ್ಲವನ್ನೂ ಮತ್ತೆ ಮಾಡಲು ಹೋಗಬೇಡಿ. ಅಗ್ಗದ ಯಂತ್ರಗಳ ಕೆಲವು ಫರ್ಮ್‌ವೇರುಗಳು ಲಿನಕ್ಸ್ ದಾಖಲಿಸಿದ ಬೂಟ್ ನಮೂದನ್ನು ಮರೆತುಬಿಡುತ್ತವೆ, ಇಎಫ್ಐ ಪಾರ್ಟಿಷನ್ನಿನ ಬೂಟ್ ಎಂಬ ಫೋಲ್ಡರಿನಲ್ಲಿರುವ ನಿಗದಿತ ಹೆಸರಿನ ಕಡತವನ್ನು ಮಾತ್ರ ಹುಡುಕುತ್ತವೆ. ಇನ್‌ಸ್ಟಾಲರಿನ ರೆಸ್ಕ್ಯೂ ವಿಧಾನದಲ್ಲಿ ಒಳಹೊಕ್ಕು, ರೂಟ್ ಪಾರ್ಟಿಷನ್ನನ್ನು ಆರಿಸಿ, ಇಎಫ್ಐ ಪಾರ್ಟಿಷನ್ ಮೌಂಟ್ ಆಗಿರುವುದನ್ನು ಖಚಿತಪಡಿಸಿಕೊಂಡು, ‘ಗ್ರಬ್-ಇನ್‌ಸ್ಟಾಲ್’ಗೆ ಎರಡು ಅಡ್ಡಗೆರೆಗಳೊಂದಿಗೆ ರಿಮೂವಬಲ್ ಎಂಬ ಆಯ್ಕೆ ಸೇರಿಸಿ ನಡೆಸಿದರೆ ಗ್ರಬ್ ಎಂಬ ಬೂಟ್‌ಲೋಡರ್ ಆ ನಿಗದಿತ ಜಾಗದಲ್ಲಿಯೂ ಕೂರುತ್ತದೆ.

ಬರೆಯುವಿಕೆಯನ್ನು ತಗ್ಗಿಸುವುದು

ಮೊದಲು ಸ್ವಾಪ್. ‘ಜೆಡ್‌ರ‍್ಯಾಮ್-ಟೂಲ್ಸ್’ ಪ್ಯಾಕೇಜ್ ಹಾಕಿ, ಇಟಿಸಿಯ ಡಿಫಾಲ್ಟ್ ಫೋಲ್ಡರಿನಲ್ಲಿರುವ ಜೆಡ್‌ರ‍್ಯಾಮ್‌ಸ್ವಾಪ್ ಕಡತದಲ್ಲಿ ಅಲ್ಗೊ ಎಂಬುದಕ್ಕೆ ಜೆಡ್‌ಎಸ್‌ಟಿಡಿ, ಪರ್ಸೆಂಟ್ ಎಂಬುದಕ್ಕೆ 50 ಕೊಡಿ. ರ‍್ಯಾಮಿನ ಒಂದು ಭಾಗದಲ್ಲಿಯೇ ದತ್ತಾಂಶವನ್ನು ಒತ್ತಿ ಇಡುವ ಈ ವ್ಯವಸ್ಥೆಯಿಂದ 2 ಜಿಬಿಯ ಯಂತ್ರದಲ್ಲಿ ಬ್ರೌಸರ್ ಉಸಿರಾಡುತ್ತದೆ, ಇಎಂಎಂಸಿಗೂ ಹೊರೆ ಬೀಳುವುದಿಲ್ಲ.

ವ್ಯವಸ್ಥೆಯ ದಿನಚರಿ ಬರೆಯುವ ಜರ್ನಲ್‌ಡಿ ಸಂರಚನೆಯಲ್ಲಿ ಸ್ಟೋರೇಜ್ ಎಂಬುದನ್ನು ವೋಲಟೈಲ್ ಎಂದು ಮಾಡಿದರೆ ಲಾಗ್ ರ‍್ಯಾಮಿನಲ್ಲಿ ಮಾತ್ರ ಇರುತ್ತದೆ. ಯಂತ್ರ ಮರುಚಾಲನೆಯಾದರೆ ಅದು ಅಳಿಯುತ್ತದೆ, ಆದ್ದರಿಂದ ಏನಾದರೂ ತೊಂದರೆಯ ಮೂಲ ಹುಡುಕುವಾಗ ತಾತ್ಕಾಲಿಕವಾಗಿ ಹಿಂದಿನಂತೆ ಮಾಡಿಕೊಳ್ಳಬೇಕು. ಡೆಬಿಯನ್ 13ರಲ್ಲಿ ಟೆಂಪ್ ಫೋಲ್ಡರ್ ಮೊದಲೇ ರ‍್ಯಾಮಿನಲ್ಲಿದೆ.

ಎಲ್ಲಕ್ಕಿಂತ ಹೆಚ್ಚು ಬರೆಯುವುದು ಬ್ರೌಸರ್. ಫೈರ್‌ಫಾಕ್ಸ್‌ನ ಅಬೌಟ್:ಕಾನ್ಫಿಗ್ ಪುಟದಲ್ಲಿ ಬ್ರೌಸರ್.ಕ್ಯಾಶ್.ಡಿಸ್ಕ್.ಎನೇಬಲ್ ಎಂಬುದನ್ನು ಫಾಲ್ಸ್ ಮಾಡಿ. ತೆರೆದಿರುವ ಪುಟಗಳ ಸ್ಥಿತಿಯನ್ನು ಅದು 15 ಸೆಕೆಂಡಿಗೊಮ್ಮೆ ಉಳಿಸುತ್ತದೆ, ಬ್ರೌಸರ್.ಸೆಷನ್‌ಸ್ಟೋರ್.ಇಂಟರ್‌ವಲ್ ಎಂಬುದರ 15000 ಎಂಬ ಮೌಲ್ಯವನ್ನು 300000ಕ್ಕೆ ಏರಿಸಿದರೆ ಐದು ನಿಮಿಷಕ್ಕೊಮ್ಮೆ ಉಳಿಸುತ್ತದೆ. ಒಂದೇ ಯಂತ್ರದಲ್ಲಿ ದಿನವಿಡೀ ಪತ್ರಿಕೆ ಓದುವ ಗ್ರಂಥಾಲಯದಲ್ಲಿ ಈ ಎರಡು ಬದಲಾವಣೆಗಳೇ ಬಹಳ ಉಪಕಾರಿ.

ಅಳಿಸಿದ ಜಾಗದ ಸುದ್ದಿಯನ್ನು ಕಂಟ್ರೋಲರಿಗೆ ವಾರಕ್ಕೊಮ್ಮೆ ತಿಳಿಸುವ ಎಫ್‌ಎಸ್‌ಟ್ರಿಮ್.ಟೈಮರ್ ಚಾಲೂ ಇದೆಯೇ ಎಂದು ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ನಿಂದ ನೋಡಿ, ಇಲ್ಲದಿದ್ದರೆ ಎನೇಬಲ್ ಮಾಡಿ. ಎಕ್ಸ್ಟ್4 ರೂಟ್ ಬಳಕೆದಾರರಿಗೆಂದು ಶೇಕಡಾ 5ರಷ್ಟು ಜಾಗವನ್ನು ಕಾದಿರಿಸುತ್ತದೆ. ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟರೆ ಅದು ಶೇಕಡಾ 1ಕ್ಕೆ ಇಳಿದು ಒಂದು ಜಿಬಿಗಿಂತ ಹೆಚ್ಚು ಜಾಗ ಮರಳಿ ಸಿಗುತ್ತದೆ. ಅಪ್‌ಡೇಟುಗಳ ಬಳಿಕ ಆಗೊಮ್ಮೆ ಈಗೊಮ್ಮೆ ‘ಆಪ್ಟ್ ಕ್ಲೀನ್’ ಕೊಡುವುದೂ ಒಳ್ಳೆಯದು.

ಇನ್ನು ಮಾಡಬಾರದ್ದೊಂದಿದೆ. ಫ್ಲ್ಯಾಶ್ ಉಳಿಸುವ ಹೆಸರಿನಲ್ಲಿ ಎಕ್ಸ್ಟ್4ರ ಜರ್ನಲನ್ನೇ (ಬದಲಾವಣೆಗಳನ್ನು ಮೊದಲು ಗುರುತಿಟ್ಟುಕೊಳ್ಳುವ ದಾಖಲೆಯನ್ನು) ತೆಗೆದುಹಾಕಿ, ಬದಲಾವಣೆಗಳನ್ನು ಡಿಸ್ಕಿಗೆ ಇಳಿಸುವ ಕಮಿಟ್ ಅವಧಿಯನ್ನು 5 ಸೆಕೆಂಡಿನಿಂದ ಹಲವು ನಿಮಿಷಗಳಿಗೆ ಏರಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬ್ಯಾಟರಿ ಸತ್ತು ಚಾರ್ಜರಿನ ಬಲದಲ್ಲಿಯೇ ನಡೆಯುವ ಹಳೆಯ ಲ್ಯಾಪ್‌ಟಾಪಿಗೆ, ಅದೂ ಆಟಿಯ ಗಾಳಿಮಳೆಗೆ ಕರೆಂಟು ಹೋಗಿ ಬರುವ ನಮ್ಮ ಕಡೆಯಲ್ಲಿ, ಇದು ಅಪಾಯಕಾರಿ. ಜರ್ನಲ್ ಇದ್ದರೆ ಹಠಾತ್ತನೆ ಆರಿದ ಯಂತ್ರ ಮುಂದಿನ ಸಲ ಕೆಲವು ಸೆಕೆಂಡುಗಳಲ್ಲಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಫೈಲ್ ಸಿಸ್ಟಮ್ಮೇ ಕೆಡಬಹುದು. ಮೇಲಿನ ಕ್ರಮಗಳಿಂದ ಉಳಿತಾಯವಾಗುವ ಬರೆಯುವಿಕೆಯ ಮುಂದೆ ಜರ್ನಲಿನ ಪಾಲು ದೊಡ್ಡದಲ್ಲ. ತುಲಾಮಾಸದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವುದು ಯಾವ ಸಂರಚನೆಗಿಂತಲೂ ಮುಖ್ಯ.

ಕನ್ನಡ ಮತ್ತು ಮಲಯಾಳ

‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜಿನೊಂದಿಗೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಬರುತ್ತವೆ. ಮಲಯಾಳಕ್ಕೆ ‘ಫಾಂಟ್ಸ್-ಎಂಎಲ್‌ವೈಎಂ’ ಹಾಕಬೇಕು. ಸರಕಾರಿ ಕಾಗದಪತ್ರಗಳು ಎರಡೂ ಭಾಷೆಗಳಲ್ಲಿ ಬರುವ ಜಿಲ್ಲೆಯಲ್ಲಿ ಎರಡನ್ನೂ ಒಟ್ಟಿಗೇ ಹಾಕಿಬಿಡಿ. ಟೈಪ್ ಮಾಡಲು ‘ಐಬಸ್-ಎಂ17ಎನ್’ ಹಾಕಿದರೆ ಕನ್ನಡಕ್ಕೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ವಿನ್ಯಾಸಗಳು ಸಿಗುತ್ತವೆ. ನುಡಿಯಲ್ಲಿ ಬರೆದು ರೂಢಿಯಾದವರಿಗೆ ಕೆಜಿಪಿ ಹೊಸತೆನಿಸದು.

ಆಯುಸ್ಸಿನ ಮೇಲೆ ಕಣ್ಣು

ಆರು ತಿಂಗಳಿಗೊಮ್ಮೆ ಲೈಫ್_ಟೈಮ್ ಕಡತವನ್ನು ಓದಿ, ಮೊದಲು ಬರೆದಿಟ್ಟ ಸಂಖ್ಯೆಯೊಂದಿಗೆ ಹೋಲಿಸಿ. ಆರು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಮೆಟ್ಟಿಲು ಏರಿದ್ದರೆ ಯಾವುದೋ ಪ್ರೋಗ್ರಾಂ ಮಿತಿಮೀರಿ ಬರೆಯುತ್ತಿದೆ ಎಂದು ತಿಳಿದು ‘ಐಒಟಾಪ್’ನಿಂದ ಅದನ್ನು ಪತ್ತೆಹಚ್ಚಬೇಕು. ಅಲ್ಲಿಯೇ ಇರುವ ಪ್ರೀ_ಇಒಎಲ್_ಇನ್ಫೊ ಎಂಬ ಕಡತದಲ್ಲಿ 0ಎಕ್ಸ್01 ಎಂದರೆ ಸಹಜ ಸ್ಥಿತಿ. 0ಎಕ್ಸ್02 ಬಂದರೆ ಕೆಟ್ಟ ಬ್ಲಾಕುಗಳಿಗೆ ಬದಲಿಯಾಗಿ ಕಾದಿರಿಸಿದ ಬ್ಲಾಕುಗಳಲ್ಲಿ ಶೇಕಡಾ 80 ಮುಗಿದಿವೆ ಎಂದರ್ಥ. ಆಗ ಬಳಕೆದಾರರ ಕಡತಗಳನ್ನು ಬೇರೆಡೆಗೆ ಸಾಗಿಸಿ, ರೂಟ್ ಪಾರ್ಟಿಷನ್ನನ್ನು ಯುಎಸ್‌ಬಿಗೆ ಜೋಡಿಸಿದ ಚಿಕ್ಕ ಎಸ್‌ಎಸ್‌ಡಿಗೆ ವರ್ಗಾಯಿಸಿ, ಇಎಂಎಂಸಿಯಲ್ಲಿ ಇಎಫ್ಐ ಪಾರ್ಟಿಷನ್ ಮಾತ್ರ ಉಳಿಯುವಂತೆ ಮಾಡಿದರೆ ಅಪರೂಪಕ್ಕೊಮ್ಮೆ ಮಾತ್ರ ಬರೆಯಲ್ಪಡುವ ಆ ಭಾಗ ಇನ್ನೂ ಕೆಲವು ವರ್ಷ ನಡೆಯಬಹುದು. ಎಸ್‌ಡಿ ಕಾರ್ಡಿಗೆ ರೂಟನ್ನು ವರ್ಗಾಯಿಸುವುದು ಅಗ್ಗವಾದರೂ ಕಾರ್ಡಿನ ಸವೆತವೂ ಇದೇ ಜಾತಿಯದಾದ್ದರಿಂದ ಆ ದಾರಿ ಹಿಡಿಯಬೇಡಿ.